ಮೂರು ಒಡೆಯರನ್ನು ಕಂಡ ಹಡಗು

ವಿಜಯಪುರ ನಗರದ ಪಡುವಣ ಕೋಟೆಗೋಡೆಯ ಸಿಂಹಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಯನ್ನು ನೋಡದ ವಿದ್ಯಾರ್ಥಿಗಳು ಆ ಜಿಲ್ಲೆಯಲ್ಲಿ ವಿರಳ. ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಂತೆ ಅದರ ಮುಖವನ್ನು ಎರಕ ಹೊಯ್ಯಲಾಗಿದೆ. 1549ರಲ್ಲಿ ಅಹಮದನಗರದ ನಿಜಾಮಶಾಹಿ ಅರಸನಿಗಾಗಿ ಅದನ್ನು ಮಾಡಿದವನು ಮಹಮ್ಮದ್ ಬಿನ್ ಹಸನ್ ರೂಮಿ. 1632ರಲ್ಲಿ ಅದು ಪರಾಂಡಾ ಕೋಟೆಯಿಂದ ಆದಿಲಶಾಹಿಗಳ ಕೈಸೇರಿ ವಿಜಯಪುರಕ್ಕೆ ಬಂದಿತು. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನು ತನ್ನ ವಿಜಯದ ಮಾತನ್ನು ಅದರ ಮೈಮೇಲೆಯೇ ಕೆತ್ತಿಸಿದನು. ಬ್ರಿಟಿಷರ ಆಳ್ವಿಕೆಯಲ್ಲಿ, 1854ರಲ್ಲಿ, ಕೆಲಸಕ್ಕೆ ಬಾರದ ಹಳೆಯ ಲೋಹವೆಂದು ಅದನ್ನು ಹರಾಜಿಗಿಟ್ಟರು. ಸವಾಲು ನೂರೈವತ್ತು ರೂಪಾಯಿಗಿಂತ ಮೇಲೇರಲಿಲ್ಲ! ಅಷ್ಟು ಅಲ್ಪ ಬೆಲೆಗೆ ಕೊಡಲು ಅಧಿಕಾರಿಯೊಬ್ಬನ ಮನಸ್ಸು ಒಪ್ಪದುದರಿಂದ ಫಿರಂಗಿ ಉಳಿಯಿತು.

ಯುದ್ಧ ಮುಗಿದ ಮೇಲೆ ವಸ್ತುಗಳು ಕೈಬದಲಿಸುವುದು ಲೋಕರೂಢಿ. ಫಿರಂಗಿಯು ಕತ್ತಿಯ ಬಲದಿಂದ ಕೈಬದಲಿಸಿತು. ಖರೀದಿಪತ್ರದ ಬಲದಿಂದ ಕೈಬದಲಿಸಿದ ಒಂದು ಹಡಗಿನ ಕಥೆ ಅದಕ್ಕಿಂತ ಹತ್ತಿರದ ಕಾಲದ್ದು, ಆದರೆ ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವಂಥದು. ಆ ಹಡಗಿನ ಹೆಸರು 'ಲಾಯಲ್ಟಿ'. ಮೊದಲನೆಯ ಮಹಾಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಅದನ್ನು ಕೊಂಡವರಲ್ಲಿ ಪ್ರಮುಖರಾದ ವಾಲಚಂದ ಹಿರಾಚಂದರು ಹುಟ್ಟಿದ್ದು ವಿಜಯಪುರಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಸೊಲ್ಲಾಪುರದಲ್ಲಿ.

ವಿಜಯಪುರದ ಸೀಮೆಗೂ ಸಮುದ್ರಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ತಿಕೋಟಾ, ಬಬಲೇಶ್ವರಗಳ ಕಡೆಯ ಎರೆಹೊಲಗಳಿಂದ ಕಡಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ನಾಡಿಗೆ ಡೋಣಿ ಎಂದರೆ ತೇಲುವ ದೋಣಿಯಲ್ಲ, ಹರಿಯುವ ಹೊಳೆ. ಅದು ತುಂಬಿ ಹರಿದರೆ ಓಣಿಯೆಲ್ಲ ಕಾಳು ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಆದರೂ ಆ ಎರೆಮಣ್ಣಿನಲ್ಲಿ ಜೋಳದ ಜೊತೆಗೆ ಹತ್ತಿಯೂ ಬೆಳೆಯುತ್ತಿತ್ತು. ಜೋಳ ಊರಿನಲ್ಲಿ ಉಳಿಯುವ ಬೆಳೆ, ಹತ್ತಿ ಊರು ಬಿಡುವ ಬೆಳೆ. ಚಕ್ಕಡಿಯಲ್ಲಿ ಪೇಟೆಗೆ ಬಂದ ಹತ್ತಿಯನ್ನು ಅಡತಿ ಅಂಗಡಿಯವರು ಕೊಳ್ಳುತ್ತಿದ್ದರು. ಬೀಜ ಬಿಡಿಸಿದ ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುತ್ತಿದ್ದರು. 1884ರಲ್ಲಿ ಹೋಟಗಿಯಿಂದ ಗದಗಿನವರೆಗಿನ ರೈಲುಮಾರ್ಗ ವಿಜಯಪುರದ ಮೇಲೆ ಹಾದುಬಂದ ನಂತರ ಅಂಡಿಗೆಗಳ ದಾರಿ ಸುಗಮವಾಯಿತು. ಆದರೆ ಈ ಮಾರ್ಗ ಕಿರಿದಾದ ಮೀಟರ್ ಗೇಜಿನದು, ಹೋಟಗಿಯ ಆಚೆಗಿನದು ಅಗಲವಾದ ಬ್ರಾಡ್ ಗೇಜಿನದು. ಆದುದರಿಂದ ಹೋಟಗಿಯಲ್ಲಿ ಸರಕನ್ನು ಇಳಿಸಿ ಬೇರೆ ಗಾಡಿಗೆ ಏರಿಸಬೇಕಾಗುತ್ತಿತ್ತು. ಅಲ್ಲಿಂದ ಕೆಲವು ಸೊಲ್ಲಾಪುರದ ಗಿರಣಿಗಳಿಗೆ, ಕೆಲವು ಮುಂಬಯಿಗೆ. ಮುಂಬಯಿಯ ಧಕ್ಕೆಯಿಂದ ಮುಂದೆ ಸಾಗಬೇಕಾದರೆ ಹಡಗು ಬೇಕು. ಹಡಗಿನವನು ಕೇಳಿದ ಬಾಡಿಗೆಯನ್ನು ಮುಂಬಯಿಯ ವರ್ತಕ ತನ್ನ ಗಂಟಿನಿಂದ ಕೊಡುವವನಲ್ಲ. ಅಡತಿ ಅಂಗಡಿಗೆ ಕೊಡುವ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಅಡತಿಯವನು ರೈತನಿಗೆ ಕೊಡುವ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಹೀಗೆ ಸಮುದ್ರವನ್ನು ಕನಸಿನಲ್ಲೂ ಕಾಣದ ಒಕ್ಕಲಿಗನು ಸಮುದ್ರದ ಬಾಡಿಗೆಯನ್ನು ತೆರುತ್ತಿದ್ದನು. ಆ ಬಾಡಿಗೆಯನ್ನು ಗೊತ್ತುಮಾಡುವವರು ಯಾರು ಎಂಬುದೇ ಈ ಹಡಗಿನ ಕಥೆಯ ಒಳಗಿರುವ ಪ್ರಶ್ನೆ.

ಹಡಗಿನ ಮೊದಲ ಹೆಸರು 'ಎಂಪ್ರೆಸ್ ಆಫ್ ಇಂಡಿಯಾ'. ಭಾರತದ ಸಾಮ್ರಾಜ್ಞಿ ಎಂಬುದು ವಿಕ್ಟೋರಿಯಾ ರಾಣಿ ಧರಿಸಿದ್ದ ಬಿರುದು. ಇಂಗ್ಲೆಂಡಿನ ಬ್ಯಾರೋ ಎಂಬ ಬಂದರಿನಲ್ಲಿ ನಿರ್ಮಿತವಾದ ಈ ಹಡಗು 1890ರ ಆಗಸ್ಟಿನಲ್ಲಿ ನೀರಿಗಿಳಿದು, 1891ರಲ್ಲಿ ತನ್ನ ಮೊದಲ ಯಾನವನ್ನು ಕೈಗೊಂಡಿತು. ಅದರ ಒಡೆಯರು ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿಯವರು. ಕೆನಡಾ ದೇಶದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ರೈಲುಹಾದಿಯನ್ನು ಹಾಕಿದ್ದ ಅವರು ಆ ಹಾದಿಯನ್ನು ನೀರಿನ ಮೇಲೂ ಮುಂದುವರಿಸಿ ಜಪಾನು, ಚೀನಗಳನ್ನು ಮುಟ್ಟಬೇಕೆಂದು ಮೂರು ಹಡಗುಗಳನ್ನು ಕಟ್ಟಿಸಿದರು. ಭಾರತ, ಚೀನ, ಜಪಾನುಗಳ ಹೆಸರಿನ ಮೂವರು 'ಸಾಮ್ರಾಜ್ಞಿ'ಯರಲ್ಲಿ ಇದು ಮೊದಲನೆಯದು. ಭಾರತದ ಹೆಸರನ್ನು ಹೊತ್ತಿದ್ದರೂ ಅದು ಓಡಾಡಿದ್ದು ಪೆಸಿಫಿಕ್ ಮಹಾಸಾಗರದಲ್ಲಿ, ವ್ಯಾಂಕೂವರಿಗೂ ಹಾಂಗಕಾಂಗಿಗೂ ನಡುವೆ. ಬಿಳಿಯ ಒಡಲು, ಮೂರು ಕೂವೆಮರಗಳು, ಎರಡು ಹೊಗೆಕೊಳವೆಗಳು, ಮುಂದಕ್ಕೆ ಚಾಚಿದ ಚೂಪಾದ ಮೂತಿ. ನೋಡಿದವರು ಅದನ್ನು ವಿಹಾರನೌಕೆಗೆ ಹೋಲಿಸುತ್ತಿದ್ದರು. ಪ್ರಯಾಣಿಕರೊಂದಿಗೆ ಅಂಚೆ, ಚಹ, ರೇಷ್ಮೆಗಳನ್ನು ಅದು ಹೊರುತ್ತಿತ್ತು. ಕಚ್ಚಾ ರೇಷ್ಮೆ ಬಹು ಬೆಲೆಯ ಸರಕಾದುದರಿಂದ ವ್ಯಾಂಕೂವರಿನಲ್ಲಿ ಇಳಿದೊಡನೆಯೇ ವಿಶೇಷ ರೈಲುಗಳಲ್ಲಿ ಅದನ್ನು ಮೂಡಣ ದಿಕ್ಕಿಗೆ ಧಾವಿಸಿ ಒಯ್ಯುತ್ತಿದ್ದರು.

ಅದರ ಗಾತ್ರ 5,905 ಟನ್ನು. ಹಡಗಿನ ಈ ಟನ್ನು ತೂಕದ ಟನ್ನಲ್ಲ. ಹಡಗಿನೊಳಗಿನ ಅವಕಾಶದ ಅಳತೆ. ನೂರು ಘನ ಅಡಿಗಳ ಜಾಗಕ್ಕೆ ಒಂದು ಟನ್ನು ಎಂದು ಲೆಕ್ಕ. ಉಗಿಯ ಯಂತ್ರಗಳ ವಿಷಯದಲ್ಲಿ ಅದು ತನ್ನ ಕಾಲದ ಉತ್ತಮ ಹಡಗುಗಳ ಸಾಲಿಗೆ ಸೇರಿತ್ತು. ಕಲ್ಲಿದ್ದಲನ್ನು ಉರಿಸಿ ಕುದಿಪಾತ್ರೆಗಳಲ್ಲಿ ಎಬ್ಬಿಸಿದ ಉಗಿ ಮೊದಲು ಸಣ್ಣ ಉರುಳೆಯೊಂದನ್ನು ಹೊಕ್ಕು ಅದರೊಳಗಿನ ದಂಡವನ್ನು ತಳ್ಳುತ್ತದೆ. ಒತ್ತಡ ಕುಗ್ಗಿದ ಉಗಿಯನ್ನು ಹೊರಗೆ ಬಿಡದೆ ಅದಕ್ಕಿಂತ ದೊಡ್ಡ ಉರುಳೆಗೂ, ಆಮೇಲೆ ಇನ್ನೂ ದೊಡ್ಡ ಉರುಳೆಗೂ ಕಳುಹಿಸಲಾಗುತ್ತದೆ. ಒಂದೇ ಉಗಿಯಿಂದ ಮೂರು ಬಾರಿ ದುಡಿಸಿಕೊಳ್ಳುವ ಈ ಉಪಾಯದಿಂದ ಕಲ್ಲಿದ್ದಲು ಉಳಿಯುತ್ತಿತ್ತು. ಉಗಿಹಡಗಿಗೆ ಕಲ್ಲಿದ್ದಲಿನ ಉಳಿತಾಯವೆಂದರೆ ಹಣದ ಉಳಿತಾಯ ಮಾತ್ರವಲ್ಲ, ಜಾಗದ ಉಳಿತಾಯವೂ ಹೌದು. ಕಲ್ಲಿದ್ದಲು ತುಂಬಿದ ಕೋಣೆಯಲ್ಲಿ ಸರಕು ತುಂಬಲಾಗದಷ್ಟೆ. ಹಿಂಬದಿಯಲ್ಲಿ ಎರಡು ಚಾಲಕ ತಿರುಗಣೆಗಳಿದ್ದುದರಿಂದ ಒಂದು ಕೆಟ್ಟರೂ ಇನ್ನೊಂದರಿಂದ ದಡ ಸೇರಬಹುದಾಗಿತ್ತು.

ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದ ಹಡಗು ಮುದಿಯಾಯಿತು. ಕಂಪನಿಯವರು ಹೊಸ ಹಡಗುಗಳನ್ನು ಕಟ್ಟಿಸಿಕೊಂಡರು. ಅಷ್ಟರಲ್ಲಿ 1914ರ ಮಹಾಯುದ್ಧ ಸಿಡಿಯಿತು. ಆ ವರ್ಷದ ಕೊನೆಯಲ್ಲಿ ಗ್ವಾಲಿಯರಿನ ಮಹಾರಾಜ ಮಾಧವರಾವ್ ಸಿಂಧಿಯಾ ಅವರು ಅದನ್ನು ಕೊಂಡು ಭಾರತೀಯ ಸೈನಿಕರಿಗಾಗಿ ಆಸ್ಪತ್ರೆಯ ಹಡಗನ್ನಾಗಿ ಮಾರ್ಪಡಿಸಿದರು. ಚಹದ ಪೆಟ್ಟಿಗೆ, ರೇಷ್ಮೆಯ ಗಂಟುಗಳನ್ನು ಹೊತ್ತಿದ್ದ ಒಡಲು ಗಾಯಾಳುಗಳನ್ನು ಹೊತ್ತಿತು. ಬ್ರಿಟಿಷ್ ಸಿಂಹಾಸನಕ್ಕೆ ತಮ್ಮ ನಿಷ್ಠೆಯನ್ನು ತೋರುವ ಸಲುವಾಗಿ 1915ರ ಜನವರಿಯಲ್ಲಿ ಅದಕ್ಕೆ 'ಲಾಯಲ್ಟಿ' ಎಂದು ಹೆಸರಿಟ್ಟರು. ಲಾಯಲ್ಟಿ ಎಂದರೆ ನಿಷ್ಠೆ. ಹೆಸರಿಟ್ಟವರಿಗೆ ಮುಂದೆ ಆಗಲಿರುವುದು ಹೇಗೆ ತಿಳಿದೀತು!

ಯುದ್ಧ ಸಮುದ್ರವನ್ನು ಹಡಗುಗಳ ಸ್ಮಶಾನವಾಗಿಸಿತು. ಜರ್ಮನಿಯ ಜಲಾಂತರ್ಗಾಮಿಗಳಿಗೂ ಇತರ ಆಯುಧಗಳಿಗೂ ಬ್ರಿಟನ್ನೊಂದೇ ಕಳೆದುಕೊಂಡ ವ್ಯಾಪಾರಿ ಹಡಗುಗಳ ಗಾತ್ರ 70 ಲಕ್ಷ ಟನ್ನಿಗೂ ಮಿಕ್ಕಿತ್ತು. ಉಳಿದ ಹಡಗುಗಳನ್ನು ಸರ್ಕಾರ ಸೈನ್ಯದ ಕೆಲಸಕ್ಕೆ ಹಿಡಿದುಕೊಂಡಿತು. ಸರಕಿತ್ತು, ಕೊಳ್ಳುವವರಿದ್ದರು, ನಡುವೆ ಹಡಗಿರಲಿಲ್ಲ, ಬಾಡಿಗೆ ಆಕಾಶಕ್ಕೇರಿತು. ಭಾರತದಂಥ ದೊಡ್ಡ ದೇಶಕ್ಕೆ ಸಾಗರವನ್ನು ದಾಟುವ ಸ್ವಂತ ವ್ಯಾಪಾರಿ ಹಡಗುಗಳ ಕಂಪನಿ ಆಗ ಇರಲಿಲ್ಲ. ಹಿಂದೆ ಪ್ರಯತ್ನಗಳು ನಡೆದಿರಲಿಲ್ಲವೆಂದಲ್ಲ. ಜಮಶೇಟಜಿ ಟಾಟಾ ಅವರು 1890ರ ದಶಕದಲ್ಲಿ ಜಪಾನಿನ ಕಂಪನಿಯೊಂದರ ನೆರವಿನಿಂದ ಹಡಗುಗಳನ್ನು ಓಡಿಸಿ, ಎದುರಾಳಿಗಳು ಬಾಡಿಗೆಯನ್ನು ನೆಲಕ್ಕಿಳಿಸಿದಾಗ ಕೈಬಿಡಬೇಕಾಯಿತು. 1906ರಲ್ಲಿ ತೂತುಕುಡಿಯಲ್ಲಿ ವ. ಉ. ಚಿದಂಬರಂ ಪಿಳ್ಳೆಯವರು ಸ್ವದೇಶೀ ಹಡಗು ಕಂಪನಿಯನ್ನು ಸ್ಥಾಪಿಸಿ ಕೊಲಂಬೊಗೆ ಹಡಗು ಬಿಟ್ಟರು. ಜನರನ್ನು ಸೆಳೆಯಲು ಬ್ರಿಟಿಷ್ ಕಂಪನಿಯವರು ಪುಕ್ಕಟೆ ಪ್ರಯಾಣದ ಆಸೆ ತೋರಿಸಿದರು, ಕೊಡೆಗಳನ್ನೂ ಹಂಚಿದರು ಎಂದು ಹೇಳುವುದುಂಟು. 1908ರಲ್ಲಿ ಪಿಳ್ಳೆಯವರು ರಾಜದ್ರೋಹದ ಆಪಾದನೆಯಿಂದ ಸೆರೆಮನೆಗೆ ಹೋದರು. ಅಲ್ಲಿ ಅವರಿಂದ ಎಣ್ಣೆಯ ಗಾಣವನ್ನು ಎಳೆಯಿಸಿದರು. ಅವರ ಕಂಪನಿ ಕೆಲವೇ ವರ್ಷಗಳಲ್ಲಿ ಮುಳುಗಿತು. ಹಡಗು ಓಡಿಸುವುದಕ್ಕೆ ಹಣವೊಂದಿದ್ದರೆ ಸಾಲದೆಂಬುದು ಆಗ ಎಲ್ಲರಿಗೂ ತಿಳಿಯಿತು.

ಇಷ್ಟೆಲ್ಲ ತಿಳಿದಿದ್ದೂ ಮತ್ತೆ ಆ ಸಾಹಸಕ್ಕೆ ಕೈಹಾಕಿದ ವಾಲಚಂದರು ಹಡಗಿನವರಲ್ಲ. 1882ರಲ್ಲಿ ಸೊಲ್ಲಾಪುರದ ಜೈನ ವರ್ತಕ ಮನೆತನದಲ್ಲಿ ಹುಟ್ಟಿ, ಮನೆಯ ವ್ಯಾಪಾರವನ್ನು ಬಿಟ್ಟು ರೈಲುಹಾದಿ ಹಾಕುವ ಗುತ್ತಿಗೆ ಕೆಲಸದಲ್ಲಿ ಬೆಳೆದವರು. ಹಡಗು ಮಾರಾಟಕ್ಕಿರುವ ಸುದ್ದಿ 1919ರ ಆರಂಭದಲ್ಲಿ ರೈಲುಪ್ರಯಾಣವೊಂದರಲ್ಲಿ ಅವರ ಕಿವಿಗೆ ಬಿದ್ದಿತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮುಂಬಯಿಯಲ್ಲಿ ಅವರೊಂದಿಗೆ ನರೋತ್ತಮ ಮೊರಾರ್ಜಿ, ಲಲ್ಲುಭಾಯಿ ಸಾಮಳದಾಸ, ಕಿಲಾಚಂದ ದೇವಚಂದ ಇವರು ಸೇರಿದರು. ನರೋತ್ತಮರ ತಂದೆ ಮೊರಾರ್ಜಿ ಗೋಕುಲದಾಸರು ಸೊಲ್ಲಾಪುರದ ಹಳೆಯ ಹತ್ತಿಗಿರಣಿಯನ್ನು ಕಟ್ಟಿಸಿದವರು. ಡೋಣಿಯ ಬಯಲಿನ ಅರಳೆಯನ್ನು ಕೊಳ್ಳುತ್ತಿದ್ದ ಪೇಟೆಯ ಋಣವೇ ಮುಂಬಯಿಯಲ್ಲಿ ಈ ಇಬ್ಬರನ್ನು ಒಂದೇ ಹಡಗಿನ ಮುಂದೆ ನಿಲ್ಲಿಸಿತೆಂದರೆ ಉತ್ಪ್ರೇಕ್ಷೆ ಸ್ವಲ್ಪವೇ ಆದೀತು.

1919ರ ಮಾರ್ಚ್ 27ರಂದು ಕಂಪನಿಯ ನೋಂದಣಿಯಾಯಿತು. ಹಡಗು ಸಿಂಧಿಯಾ ಮಹಾರಾಜರದಾಗಿದ್ದುದರಿಂದ ಕಂಪನಿಗೆ 'ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ' ಎಂದೇ ಹೆಸರಾಯಿತು. ಹಡಗಿನ ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ. ಏಪ್ರಿಲ್ 5ರಂದು 'ಲಾಯಲ್ಟಿ' ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅದರ ಮರುದಿನವೇ ರೌಲತ್ ಕಾಯಿದೆಯನ್ನು ಪ್ರತಿಭಟಿಸಿ ದೇಶದಲ್ಲೆಲ್ಲ ಹರತಾಳ ನಡೆಯಿತು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡುಗಳು ಹಾರಿದವು. ನಿಷ್ಠೆ ಎಂಬ ಹೆಸರನ್ನು ಹೊತ್ತ ಹಡಗು ಆಗ ದಾರಿಯಲ್ಲಿತ್ತು. ಸಾಮ್ರಾಜ್ಞಿಯ ಬಿರುದಿನಿಂದ ಹುಟ್ಟಿ, ರಾಜನಿಷ್ಠೆಯ ಹೆಸರಿನಿಂದ ಬದುಕಿ, ಬ್ರಿಟಿಷ್ ಹಡಗು ಕಂಪನಿಗಳ ಏಕಸ್ವಾಮ್ಯವನ್ನು ಎದುರಿಸಲು ಅದು ಇಂಗ್ಲೆಂಡಿಗೆ ಹೊರಟಿತ್ತು. ಕವಿಯೊಬ್ಬನು ಕಲ್ಪಿಸಿದ್ದರೆ ಕೃತಕವೆಂದು ವಿಮರ್ಶಕರು ಆಕ್ಷೇಪಿಸುತ್ತಿದ್ದರೇನೋ!

ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಆ ಹಡಗು ಯಶಸ್ಸಾಗಲಿಲ್ಲ. ಮೂವತ್ತು ವರ್ಷಕ್ಕೆ ಸಮೀಪಿಸಿದ್ದ ಮುದಿ ಒಡಲು ಕಲ್ಲಿದ್ದಲನ್ನೂ ದುರಸ್ತಿಯ ಹಣವನ್ನೂ ಧಾರಾಳವಾಗಿ ನುಂಗಿತು. ಯುದ್ಧ ನಿಂತ ಮೇಲೆ ಸರ್ಕಾರದ ಹಿಡಿತದಿಂದ ಬಿಡುಗಡೆ ಹೊಂದಿದ ಹಡಗುಗಳೂ ಹೊಸದಾಗಿ ಕಟ್ಟಿದ ಹಡಗುಗಳೂ ಬಂದರುಗಳನ್ನು ತುಂಬಿದವು. ಏರಿದ್ದ ಬಾಡಿಗೆ ಅಷ್ಟೇ ವೇಗವಾಗಿ ಇಳಿಯಿತು. 1921ರಲ್ಲಿ 'ಲಾಯಲ್ಟಿ'ಯನ್ನು ಓಡಿಸದೆ ನಿಲ್ಲಿಸಲಾಯಿತು. 1923ರಲ್ಲಿ ಒಡೆಯುವುದಕ್ಕೆಂದು ಮಾರಲಾಯಿತು. ಮಲಿಕ್-ಎ-ಮೈದಾನಿಗೆ ಒದಗಿದಂಥ ವಿವೇಕಿ ಅದಕ್ಕೆ ಒದಗಲಿಲ್ಲ.

ಆದರೆ ಕಂಪನಿ ಉಳಿಯಿತು; ಇಂಗ್ಲೆಂಡಿನಲ್ಲಿ ಸರಕು ಹಡಗುಗಳನ್ನು ಕೊಂಡು ತಂದಿತು. ಅದರ ಎದುರಿಗಿದ್ದುದು ಪಿ. ಅಂಡ್ ಓ. ಮತ್ತು ಬ್ರಿಟಿಷ್ ಇಂಡಿಯಾ ಎಂಬ ಎರಡು ಕಂಪನಿಗಳು. 1914ರಲ್ಲಿ ಒಂದಾಗಿದ್ದ ಅವುಗಳ ಅಧ್ಯಕ್ಷ ಲಾರ್ಡ್ ಇಂಚಕೇಪ್. ಆ ಕಂಪನಿಗಳ ಬಳಿ ಎರಡು ಆಯುಧಗಳಿದ್ದವು. ಮೊದಲನೆಯದು ಬಾಡಿಗೆಯನ್ನು ಇಳಿಸುವುದು. ರಂಗೂನಿನಿಂದ ಮುಂಬಯಿಗೆ ಅಕ್ಕಿ ತರುವ ಬಾಡಿಗೆ ಟನ್ನಿಗೆ 18 ರೂಪಾಯಿಯಿಂದ 6 ರೂಪಾಯಿಗೆ ಇಳಿಯಿತು. ವರ್ತಕನಿಗೆ ಅದು ಹಬ್ಬ; ಆದರೆ ಎದುರಾಳಿ ಮುಳುಗಿದ ಮರುದಿನ ಬಾಡಿಗೆ ಎಲ್ಲಿಗೆ ಏರುವುದೆಂಬುದನ್ನು ಅವನು ಯೋಚಿಸಬೇಕಾಗಿತ್ತು. ಎರಡನೆಯ ಆಯುಧ ಇನ್ನೂ ಸೂಕ್ಷ್ಮವಾದುದು. ವರ್ತಕನು ತೆತ್ತ ಬಾಡಿಗೆಯಲ್ಲಿ ಒಂದು ಪಾಲನ್ನು ಅವನಿಗೆ ಮರಳಿ ಕೊಡುವುದಾಗಿ ಕಂಪನಿ ಮಾತುಕೊಡುತ್ತಿತ್ತು, ಆದರೆ ಒಡನೆಯೇ ಕೊಡುತ್ತಿರಲಿಲ್ಲ. ಕೆಲವು ತಿಂಗಳು ತಡೆದಿಟ್ಟು, ಆ ಅವಧಿಯಲ್ಲಿ ಅವನು ಬೇರೆ ಯಾರ ಹಡಗಿನಲ್ಲೂ ಒಂದು ಅಂಡಿಗೆಯನ್ನೂ ಕಳುಹಿಸದೆ ಇದ್ದರೆ ಮಾತ್ರ ಕೊಡುತ್ತಿತ್ತು. ಕಳುಹಿಸಿದರೆ ತಡೆದಿಟ್ಟ ಹಣ ಹೋಯಿತು. ವರ್ತಕನ ಹಣದಿಂದಲೇ ವರ್ತಕನನ್ನು ಕಟ್ಟಿಹಾಕುವ ಈ ಹಗ್ಗವನ್ನು ಹೆಣೆದವನ ಬುದ್ಧಿಗೆ ತಲೆದೂಗಲೇಬೇಕು. ಎಷ್ಟು ದೇಶಾಭಿಮಾನಿಯಾದ ವರ್ತಕನಾದರೂ ಸ್ವದೇಶೀ ಹಡಗಿನ ಮುಂದೆ ಕ್ಷಣಕಾಲ ಹಿಂಜರಿಯುವಂತೆ ಅದು ಮಾಡುತ್ತಿತ್ತು.

ಬಾಡಿಗೆಯ ಯುದ್ಧದಿಂದ ಸೋಲದ ಸಿಂಧಿಯಾ ಕಂಪನಿಯನ್ನು ಕೊಂಡುಬಿಡಲು ಇಂಚಕೇಪ್ ಮುಂದಾದನು. ಷೇರುಗಳಿಗೆ ಒಳ್ಳೆಯ ಬೆಲೆಯ ಮಾತೂ ಬಂದಿತು. ನಷ್ಟದಲ್ಲಿದ್ದ ಕಂಪನಿಯ ಪಾಲುದಾರರಿಗೆ ಅದು ಸಣ್ಣ ಆಮಿಷವಾಗಿರಲಿಲ್ಲ. ಹಡಗು ಇನ್ನೊಮ್ಮೆ ಕೈಬದಲಿಸಬಹುದಾಗಿದ್ದ ಆ ಗಳಿಗೆಯಲ್ಲಿ ವಾಲಚಂದರೂ ಅವರ ಜೊತೆಗಾರರೂ ಒಪ್ಪಲಿಲ್ಲ. ಕಡೆಗೆ 1923ರಲ್ಲಿ ಹತ್ತು ವರ್ಷಗಳ ಕರಾರೊಂದು ಏರ್ಪಟ್ಟಿತು. ಅದರಂತೆ ಸಿಂಧಿಯಾ ಹಡಗುಗಳು ಭಾರತ, ಬರ್ಮಾ, ಸಿಲೋನುಗಳ ಕರಾವಳಿಯಲ್ಲಿ ಮಾತ್ರ ಸರಕು ಹೊರಬೇಕು. ಅವುಗಳ ಒಟ್ಟು ಗಾತ್ರ 75,000 ಟನ್ನನ್ನು ಮೀರಕೂಡದು. ಲಂಡನ್ನಿಗೆ ಹೊರಟಿದ್ದ ಕಂಪನಿ ಕರಾವಳಿಗೆ ಮರಳಬೇಕಾಯಿತು. ಇದು ಅಪಮಾನದ ಕರಾರೆಂದು ಟೀಕಿಸಿದವರುಂಟು, ಟೀಕೆ ಅನ್ಯಾಯವೂ ಅಲ್ಲ. ಆದರೆ ತೂತುಕುಡಿಯ ಕಂಪನಿಗೆ ಇಂಥ ಕರಾರೂ ದೊರೆತಿರಲಿಲ್ಲವೆಂಬುದನ್ನು ಮರೆಯಲಾಗದು. ಉಸಿರು ಉಳಿಸಿಕೊಳ್ಳಲು ತಲೆಬಾಗಿದವರನ್ನು ಹೇಡಿಗಳೆನ್ನುವುದು ಸುಲಭ. ಅವರ ಲೆಕ್ಕದ ಪುಸ್ತಕವನ್ನು ಓದಿದ ಮೇಲೆ ಅಷ್ಟು ಸುಲಭವಲ್ಲ.

ವಾದ ಶಾಸನಸಭೆಗೂ ಮುಟ್ಟಿತು. ಭಾರತದ ಕರಾವಳಿಯ ವ್ಯಾಪಾರವನ್ನು ಭಾರತೀಯ ಹಡಗುಗಳಿಗೇ ಮೀಸಲಿಡಬೇಕೆಂಬ ಮಸೂದೆಯನ್ನು 1928ರಲ್ಲಿ ಸಾರಾಭಾಯಿ ನೇಮಚಂದ ಹಾಜಿಯವರು ಮಂಡಿಸಿದರು. ಅದು ಶಾಸನವಾಗಲಿಲ್ಲ. ಇಬ್ಬರಿಗೂ ಸಮಾನ ಹಕ್ಕಿರಲಿ ಎಂಬುದು ಬ್ರಿಟಿಷ್ ಕಂಪನಿಗಳ ವಾದ. ಬಲಾಢ್ಯನಿಗೂ ಬಡಕಲನಿಗೂ ಸಮಾನ ಹಕ್ಕೆಂದರೆ ಏನರ್ಥವೆಂದು ಗಾಂಧೀಜಿ 1931ರಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ದೈತ್ಯ ಮತ್ತು ಕುಬ್ಜರ ಹೋಲಿಕೆಯಿಂದ ಚರ್ಚಿಸಿದರು.

ಕಾಲಕ್ರಮದಲ್ಲಿ ಕಂಪನಿಯ ಹಡಗುಗಳ ಹೆಸರುಗಳೂ ಬದಲಾದವು. 'ಸಾಮ್ರಾಜ್ಞಿ', 'ನಿಷ್ಠೆ'ಗಳ ಕಾಲ ಹೋಗಿ ಜಲವೀರ, ಜಲದೂತ, ಜಲರಾಜನ್ ಎಂಬಂತಹ ಹೆಸರುಗಳು ಬಂದವು. ಓದುಬರಹ ಬಲ್ಲ ಯಾವ ಕನ್ನಡಿಗನೂ ಅವುಗಳ ಅರ್ಥವನ್ನು ಕೇಳಬೇಕಾಗಿಲ್ಲ. ಕೊಂಡ ಹಡಗುಗಳಿಂದ ತೃಪ್ತರಾಗದ ವಾಲಚಂದರು ಇಲ್ಲಿಯೇ ಹಡಗು ಕಟ್ಟಬೇಕೆಂದು ಹಟ ಹಿಡಿದರು. 1941ರ ಜೂನಿನಲ್ಲಿ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಗೆ ಬಾಬು ರಾಜೇಂದ್ರಪ್ರಸಾದರು ಅಡಿಗಲ್ಲಿಟ್ಟರು. ಅಲ್ಲಿ ಕಟ್ಟಿದ 'ಜಲ ಉಷಾ' ಎಂಬ ಉಗಿಹಡಗನ್ನು 1948ರ ಮಾರ್ಚ್ 14ರಂದು ಪ್ರಧಾನಿ ನೆಹರೂ ನೀರಿಗಿಳಿಸಿದರು. ಅದಕ್ಕೂ ಮೊದಲೇ, 1940ರ ಡಿಸೆಂಬರಿನಲ್ಲಿ, ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಅವರು ವಿಮಾನಗಳ ಕಾರ್ಖಾನೆಯನ್ನು ಆರಂಭಿಸಿದ್ದರು. ಅದರ ಯೋಚನೆಯೂ ಪ್ರಯಾಣವೊಂದರಲ್ಲಿ ಭೇಟಿಯಾದ ಅಮೆರಿಕದವನೊಬ್ಬನ ಮಾತಿನಿಂದ ಮೊಳೆತದ್ದು. ಸಹಪ್ರಯಾಣಿಕರೊಂದಿಗೆ ಮಾತಾಡುವ ಅಭ್ಯಾಸದಿಂದ ಇಷ್ಟು ಲಾಭ ಪಡೆದವರು ಬೇರೊಬ್ಬರು ಸಿಗಲಾರರು. 1953ರಲ್ಲಿ ಅವರು ತೀರಿಕೊಂಡರು. ಹಡಗುಕಟ್ಟೆಯೂ ವಿಮಾನಕಾರ್ಖಾನೆಯೂ ಸರ್ಕಾರದ ಕೈಸೇರಿ ಇಂದಿಗೂ ನಡೆಯುತ್ತಿವೆ. ಸಿಂಧಿಯಾ ಕಂಪನಿಯ ಹಡಗುಗಳು ಮಾತ್ರ ಇಂದು ಕಡಲಿನಲ್ಲಿಲ್ಲ.

'ಲಾಯಲ್ಟಿ' ಮುಂಬಯಿಯನ್ನು ಬಿಟ್ಟ ಏಪ್ರಿಲ್ 5ನೆಯ ದಿನವನ್ನು 1964ರಿಂದ ರಾಷ್ಟ್ರೀಯ ಸಾಗರಯಾನ ದಿನವೆಂದು ಆಚರಿಸಲಾಗುತ್ತಿದೆ. ಬಂದರುಗಳಲ್ಲಿ ಭಾಷಣಗಳಾಗುತ್ತವೆ, ನಾವಿಕರನ್ನು ಸ್ಮರಿಸುತ್ತಾರೆ. ತಿಕೋಟಾ, ಬಬಲೇಶ್ವರಗಳ ಹೊಲಗಳಲ್ಲಿ ಅದೇ ದಿನಗಳಲ್ಲಿ ಬೇರೊಂದು ಬೆಳೆಯ ಗದ್ದಲ. ಬಾವಿ, ಕಾಲುವೆಗಳ ನೀರು ಬಂದ ಕಡೆಗಳಲ್ಲಿ ಈಗ ದ್ರಾಕ್ಷಿಯ ಚಪ್ಪರಗಳೆದ್ದಿವೆ. ನೆರಳಿನ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಹಣ್ಣು ಒಣಗಿ ಒಣದ್ರಾಕ್ಷಿಯಾಗುತ್ತದೆ. ಹತ್ತಿಯ ಅಂಡಿಗೆಗೆ ಬದಲಾಗಿ ರಟ್ಟಿನ ಪೆಟ್ಟಿಗೆ, ಚಕ್ಕಡಿಗೆ ಬದಲಾಗಿ ಲಾರಿ, ಉಗಿಹಡಗಿಗೆ ಬದಲಾಗಿ ಕಬ್ಬಿಣದ ಕಂಟೇನರುಗಳನ್ನು ಸಾಲಾಗಿ ಪೇರಿಸಿಕೊಂಡ ಎಣ್ಣೆಯ ಎಂಜಿನಿನ ಹಡಗು. ಭಾರತದಿಂದ ಹೊರಗೆ ಹೋಗುವ, ಹೊರಗಿನಿಂದ ಬರುವ ಸರಕಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚಿನದು ಇಂದು ಬೇರೆ ದೇಶಗಳ ಬಾವುಟ ಹಾರಿಸುವ ಹಡಗುಗಳಲ್ಲಿಯೇ ಸಾಗುತ್ತದೆ. ಕಂಟೇನರಿನ ಬಾಡಿಗೆ ಏರಿದ ವರ್ಷ ವರ್ತಕರು ಪೆಟ್ಟಿಗೆಯ ಬೆಲೆಯನ್ನು ಇಳಿಸಿ ಹೇಳುತ್ತಾರೆ. ಯಾವ ಹಡಗು, ಯಾರ ಹಡಗು ಎಂದು ಕೇಳುವ ಪುರುಸೊತ್ತು ಶೆಡ್ಡಿನಲ್ಲಿ ಯಾರಿಗೂ ಇರುವುದಿಲ್ಲ. ಮಳೆ ಬರುವುದರೊಳಗೆ ಮಾಲು ಸಾಗಬೇಕಾಗಿರುತ್ತದೆ.